ಚೈನ್‌ಸಾದಿಂದ ಬಾರ್ ಆಯಿಲ್ ಸೋರುತ್ತಿದೆಯಾ? ಪಂಪ್ ಬಿಚ್ಚುವ ಮುಂಚೆ ಸೋರುವ ಜಾಗ ಹುಡುಕಿ

ಸಂಜೆ ಕೆಲಸ ಮುಗಿಸಿ ಚೈನ್‌ಸಾವನ್ನು ಒಂದು ಮೂಲೆಯಲ್ಲಿ ಇಟ್ಟಿರುತ್ತೀರಿ. ಬೆಳಿಗ್ಗೆ ಎತ್ತಿದರೆ ಕೆಳಗೆ ಅಂಗೈ ಅಗಲದ ಎಣ್ಣೆ ಕಲೆ. ಬಾರ್ ಅಂದರೆ ಚೈನ್ ಸುತ್ತಿ ಓಡುವ ಉದ್ದನೆ ಲೋಹದ ಪಟ್ಟಿ; ಅದಕ್ಕೂ ಚೈನ್‌ಗೂ ಹೋಗುವ ಎಣ್ಣೆಯೇ ಬಾರ್ ಆಯಿಲ್. ಮುಚ್ಚಳ ಬಿಗಿಯಾಗೇ ಇದೆ, ಹೊರಗೆ ಎಲ್ಲೂ ಒಡೆದ ಗುರುತಿಲ್ಲ. ಆಗ ಹೆಚ್ಚಿನವರ ಅನುಮಾನ ಹೋಗುವುದು ಆಯಿಲ್ ಪಂಪ್ ಮೇಲೆ. ನಾನೂ ಒಮ್ಮೆ ಹಾಗೇ ಕ್ಲಚ್ ಬಿಚ್ಚಿ, ಹೊಸ ಪಂಪ್ ಹಾಕಿ, ಎಲ್ಲ ಜೋಡಿಸಿ ಇಟ್ಟೆ. ಮರುದಿನ ಅದೇ ಜಾಗದಲ್ಲಿ ಅಷ್ಟೇ ದೊಡ್ಡ ಕಲೆ. ಕೊನೆಗೆ ನೋಡಿದರೆ ಟ್ಯಾಂಕಿನ ಗಾಳಿ ಕಿಂಡಿಯ ರಬ್ಬರ್ ವಾಲ್ವ್ ಬಿರಿದಿತ್ತು. ಅಲ್ಲಿಂದ ಒಸರಿದ ಎಣ್ಣೆ ಒಳಗೋಡೆ ಹಿಡಿದು ಇಳಿದು, ಪಂಪ್ ಕೆಳಗೆ ಬಂದು ತೊಟ್ಟಿಕ್ಕುತ್ತಿತ್ತು.

ಎಣ್ಣೆ ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ. ಈ ಲೇಖನ ಪೂರ್ತಿ ಇರುವುದು ಈ ಒಂದು ಮಾತಿನ ಮೇಲೆ.

ಸೋರಿಕೆಯನ್ನು ಸುಮ್ನೆ ಬಿಟ್ಟರೆ ನೆಲ ಹಾಳಾಗುತ್ತದೆ, ನಿಜ. ಆದರೆ ಅದಕ್ಕಿಂತ ದೊಡ್ಡ ವಿಷಯ ಒಂದಿದೆ. ಹೊರಗೆ ಸೋರಿದ ಎಣ್ಣೆ ಅಂದರೆ ಬಾರ್‌ಗೆ ಸೇರದ ಎಣ್ಣೆ. ಬಾರ್ ಒಣಗಿದರೆ ಚೈನ್ ಬಿಸಿಯಾಗಿ ಸಡಿಲವಾಗುತ್ತದೆ, ಬಾರ್ ಅಂಚು ನೀಲಿಗಟ್ಟಿ ಸವೆಯುತ್ತದೆ. ಸಡಿಲವಾದ ಚೈನ್ ಕೆಲಸದ ನಡುವೆ ಕಳಚಿದರೆ ಕೈಕಾಲಿಗೆ ಅಪಾಯ. ಹಾಗಾಗಿ ಇದನ್ನು ಸಣ್ಣ ಕಿರಿಕಿರಿ ಅಂತ ಬಿಡಬೇಡಿ.

ಎಣ್ಣೆ ಹೋಗುವ ದಾರಿ

ಬಾರ್ ಆಯಿಲ್ ಕಾರಿನ ಎಂಜಿನ್ ಆಯಿಲ್ ಥರ ಒಳಗೇ ಸುತ್ತುವುದಿಲ್ಲ. ಒಮ್ಮೆ ಹೊರಟರೆ ಮುಗಿಯಿತು, ವಾಪಸ್ ಬರುವುದಿಲ್ಲ. ಟ್ಯಾಂಕಿನ ತಳದಲ್ಲಿ ಒಂದು ಚಿಕ್ಕ ಫಿಲ್ಟರ್ ಇರುತ್ತದೆ. ಅದಕ್ಕೆ ಸೇರಿದ ರಬ್ಬರ್ ಪೈಪ್ ಟ್ಯಾಂಕಿನ ಗೋಡೆ ತೂರಿ ಪಂಪಿಗೆ ಹೋಗುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಪಂಪನ್ನು ತಿರುಗಿಸುವುದು ಒಂದು ವರ್ಮ್ ಗೇರ್ (ಸ್ಕ್ರೂ ಥರದ ಹಲ್ಲಿನ ಗೇರ್). ಪಂಪ್ ತಳ್ಳಿದ ಎಣ್ಣೆ ಬಾರ್ ಕೂರುವ ಜಾಗದ ಕಿಂಡಿಗೆ ಬರುತ್ತದೆ. ಅಲ್ಲಿಂದ ಬಾರ್‌ನ ಸಣ್ಣ ತೂತಿನ ಮೂಲಕ ಅಂಚಿನ ಗ್ರೂವ್‌ಗೆ (ಚೈನ್ ಓಡುವ ಸಣ್ಣ ಕಾಲುವೆಗೆ) ಇಳಿಯುತ್ತದೆ. ಚೈನ್ ಅದನ್ನು ಹೊತ್ತು ಒಂದು ಸುತ್ತು ಹಾಕಿ, ಮರದ ಹೊಟ್ಟಿನ ಜೊತೆ ಹೊರಗೆ ಎಸೆಯುತ್ತದೆ.

ಇನ್ನೊಂದು ಭಾಗವನ್ನು ಎಲ್ಲರೂ ಮರೆಯುತ್ತಾರೆ. ಅದೇ ಗಾಳಿ ಕಿಂಡಿ. ಟ್ಯಾಂಕಿನಿಂದ ಎಣ್ಣೆ ಕಡಿಮೆಯಾದಂತೆ ಅಷ್ಟೇ ಗಾಳಿ ಒಳಗೆ ಬರಬೇಕು, ಇಲ್ಲದಿದ್ದರೆ ಪಂಪ್ ಎಳೆಯಲಾರದು. ಗಾಳಿ ಒಳಗೆ ಬಿಡಬೇಕು, ಎಣ್ಣೆ ಹೊರಗೆ ಬಿಡಬಾರದು. ಈ ಎರಡೂ ಕೆಲಸವನ್ನು ಕಾಳಿನಷ್ಟು ದೊಡ್ಡ ಒಂದು ವಾಲ್ವ್ ಮಾಡುತ್ತದೆ.

ಇದು ನಿಜಕ್ಕೂ ಸೋರಿಕೆಯಾ?

ಮೊದಲು ಇದನ್ನು ತೀರ್ಮಾನ ಮಾಡಿ. ಕೆಲಸ ಮುಗಿದ ಮೇಲೂ ಗ್ರೂವ್‌ನಲ್ಲಿ, ಚೈನ್ ಕೊಂಡಿಗಳಲ್ಲಿ, ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಸುತ್ತ ಎಣ್ಣೆ ಉಳಿದಿರುತ್ತದೆ. ಯಂತ್ರ ನಿಂತ ಮೇಲೆ ಅದು ನಿಧಾನವಾಗಿ ಕೆಳಗಿಳಿದು ಕೆಲವು ಹನಿ ಬೀಳುತ್ತದೆ. ಪಕ್ಕಕ್ಕೆ ಮಲಗಿಸಿ ಇಟ್ಟರೆ ಇನ್ನೂ ಸ್ವಲ್ಪ ಜಾಸ್ತಿ. ಹೊಚ್ಚಹೊಸ ಯಂತ್ರದಲ್ಲೂ ಇದು ಇರುತ್ತದೆ. ಒಂದು ಸಣ್ಣ ಕಲೆ ಬಿದ್ದು ಅಲ್ಲಿಗೇ ನಿಂತರೆ ಯಾವ ರಿಪೇರಿಯೂ ಬೇಡ.

ಚಿಂತೆ ಮಾಡಬೇಕಾದ್ದು ಬೇರೆ. ತುಂಬಿಸಿಟ್ಟ ಟ್ಯಾಂಕ್ ಬೆಳಿಗ್ಗೆ ಅರ್ಧವಾಗಿದ್ದರೆ, ಒರೆಸಿಟ್ಟು ಹಲವು ಗಂಟೆಯಾದರೂ ಹನಿ ನಿಲ್ಲದಿದ್ದರೆ, ಅದು ಸೋರಿಕೆ. ಪೆಟ್ರೋಲ್ ಮುಗಿಯುವ ಮುಂಚೆಯೇ ಬಾರ್ ಆಯಿಲ್ ಖಾಲಿಯಾಗುತ್ತಿದ್ದರೂ ಹುಡುಕಲೇಬೇಕು. ಸಾಮಾನ್ಯವಾಗಿ ಪೆಟ್ರೋಲ್ ಮೊದಲು ಮುಗಿಯುವ ಹಾಗೆ, ಆಗಲೂ ಸ್ವಲ್ಪ ಬಾರ್ ಆಯಿಲ್ ಉಳಿದಿರುವ ಹಾಗೆ ಎರಡು ಟ್ಯಾಂಕಿನ ಅಳತೆ ಇಟ್ಟಿರುತ್ತಾರೆ. ಚೈನ್ ಯಾವತ್ತೂ ಒಣಗಿ ಓಡಬಾರದು ಅಂತ.

ಸೋರುತ್ತಿರುವುದು ಬಾರ್ ಆಯಿಲ್ ಹೌದಾ ಅಂತಲೂ ನೋಡಿ. ಬಿಳಿ ಬಟ್ಟೆಗೆ ಒರೆಸಿ ಮೂಸಿ. ಬಾರ್ ಆಯಿಲ್ ಅಂಟಂಟು, ಬೆರಳ ನಡುವೆ ನೂಲಿನ ಹಾಗೆ ಎಳೆಯುತ್ತದೆ. ತೆಳ್ಳಗಿದ್ದು ಪೆಟ್ರೋಲ್ ವಾಸನೆ ಬಂದರೆ ಅದು ಇಂಧನ. ಆಗ ಯಂತ್ರ ಸ್ಟಾರ್ಟ್ ಮಾಡಲೇಬೇಡಿ, ಬೆಂಕಿ ಅಪಾಯ. ಸೈಲೆನ್ಸರ್ ಬಾಯಿಯ ಹತ್ತಿರ ಕಪ್ಪು ಜಿಡ್ಡು ಕಂಡರೆ ಅದು ಪೆಟ್ರೋಲ್ ಜೊತೆ ಬೆರೆಸಿದ ಟೂ ಸ್ಟ್ರೋಕ್ ಎಣ್ಣೆ ಪೂರ್ತಿ ಸುಡದೆ ಹೊರಬಂದದ್ದು. ಅದಕ್ಕೂ ಬಾರ್ ಆಯಿಲ್‌ಗೂ ಸಂಬಂಧವಿಲ್ಲ.

ಹಂತ 1: ಯಂತ್ರವನ್ನು ಸುರಕ್ಷಿತ ಮಾಡಿ

ತಣ್ಣಗಾಗಲು ಬಿಡಿ. ಪೆಟ್ರೋಲ್ ಯಂತ್ರವಾದರೆ ಸ್ಪಾರ್ಕ್ ಪ್ಲಗ್‌ನ ಟೋಪಿ ಕಿತ್ತಿಡಿ. ಬ್ಯಾಟರಿಯದ್ದಾದರೆ ಬ್ಯಾಟರಿ ತೆಗೆಯಿರಿ, ಕರೆಂಟಿನದ್ದಾದರೆ ವೈರ್ ಕೀಳಿ. ಗ್ಲೌಸ್ ಹಾಕಿಕೊಳ್ಳಿ, ನಿಂತ ಚೈನ್ ಕೂಡ ಬೆರಳು ಕೊಯ್ಯುತ್ತದೆ. ಪಕ್ಕದ ಕವರ್ ತೆಗೆದಿಟ್ಟು ಎಂಜಿನ್ ಓಡಿಸಿ ನೋಡುವ ಆಸೆ ಬೇಡ.

ಹಂತ 2: ಪೂರ್ತಿ ತೊಳೆದು ಒರೆಸಿ

ಇದನ್ನು ಅರ್ಧಂಬರ್ಧ ಮಾಡಿದರೆ ಮುಂದಿನ ಎಲ್ಲ ಹುಡುಕಾಟ ದಂಡ. ಚೈನ್ ಬ್ರೇಕ್ ಬಿಡಿಸಿ, ಬಾರ್ ನಟ್ ಬಿಚ್ಚಿ, ಪಕ್ಕದ ಕವರ್, ಚೈನ್, ಬಾರ್ ಮೂರನ್ನೂ ತೆಗೆಯಿರಿ. ಸ್ಪ್ರಾಕೆಟ್ ಸುತ್ತ ಎಣ್ಣೆ ಕುಡಿದ ಹೊಟ್ಟು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಹಲ್ಲುಜ್ಜುವ ಹಳೇ ಬ್ರಷ್ ಅಥವಾ ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ.

ಎಷ್ಟೋ ಸಲ ಸೋರಿಕೆಯ ಕಥೆ ಇಲ್ಲಿಗೇ ಮುಗಿಯುತ್ತದೆ. ಹೊಟ್ಟು ಸ್ಪಂಜಿನ ಹಾಗೆ. ಓಡುವಾಗ ಎಣ್ಣೆ ಹೀರುತ್ತದೆ, ನಿಂತ ಮೇಲೆ ರಾತ್ರಿಯಿಡೀ ಬಿಡುತ್ತದೆ. ಕವರ್ ಒಳಗೆ ಒಂದು ಹಿಡಿ ಹೊಟ್ಟು ಇದ್ದರೂ ಸಾಕು, ನೆಲದ ಮೇಲೆ ಒಳ್ಳೆ ದೊಡ್ಡ ಕಲೆ ಮಾಡುತ್ತದೆ.

ಹೊಟ್ಟು ತೆಗೆದ ಮೇಲೆ ಸ್ವಲ್ಪ ಸೀಮೆಎಣ್ಣೆ ಅಥವಾ ಡಿಗ್ರೀಸರ್ ಹಾಕಿದ ಬಟ್ಟೆಯಿಂದ ಒರೆಸಿ. ಟ್ಯಾಂಕಿನ ಅಡಿ, ಎರಡು ಭಾಗ ಸೇರುವ ಗೆರೆ, ಮುಚ್ಚಳದ ಸುತ್ತ, ಬಾರ್ ಕೂರುವ ಜಾಗ ಯಾವುದನ್ನೂ ಬಿಡಬೇಡಿ. ಕೊನೆಗೆ ಒಣ ಬಟ್ಟೆಯಲ್ಲಿ ಒರೆಸಿ. ಬೆರಳು ಆಡಿಸಿದರೆ ಜಿಡ್ಡು ಹತ್ತಬಾರದು.

ಹಂತ 3: ಪೌಡರ್ ಮತ್ತು ರಟ್ಟಿನ ಪರೀಕ್ಷೆ

ಬಾರ್ ಇಲ್ಲದೆಯೇ ಟ್ಯಾಂಕ್ ತುಂಬಿಸಿ, ಮುಚ್ಚಳದ ಸುತ್ತ ಬಿದ್ದ ಎಣ್ಣೆ ಒರೆಸಿ. ಈಗ ಮೈಗೆ ಹಾಕುವ ಟಾಲ್ಕಮ್ ಪೌಡರ್ ತೆಗೆದುಕೊಂಡು ಅನುಮಾನ ಇರುವ ಕಡೆಯೆಲ್ಲ ತೆಳ್ಳಗೆ ಉದುರಿಸಿ. ಮುಚ್ಚಳ, ಟ್ಯಾಂಕಿನ ಜೋಡಣೆ, ಬಾರ್ ಬೋಲ್ಟ್‌ಗಳ ಬುಡ, ಪಂಪ್ ಕಡೆಯ ಗೋಡೆ. ಯಂತ್ರವನ್ನು ಬಿಳಿ ರಟ್ಟಿನ ಮೇಲೆ ಸಮನಾಗಿ ಕೂರಿಸಿ. ಅದರ ಸುತ್ತ ಪೆನ್ನಿನಿಂದ ಗೆರೆ ಎಳೆದು, ಮುಂದೆ ಯಾವುದು, ಹಿಂದೆ ಯಾವುದು ಅಂತ ಬರೆದಿಡಿ.

ಮೊದಲ ಒಂದು ಗಂಟೆ ಆಗಾಗ ನೋಡಿ. ಎಣ್ಣೆ ತಾಗಿದ ಪೌಡರ್ ಬಣ್ಣ ಬದಲಿಸುತ್ತದೆ, ಒದ್ದೆ ಗೆರೆ ಕಾಣುತ್ತದೆ. ಆ ಗೆರೆಯ ಕೆಳತುದಿ ನೋಡಬೇಡಿ, ಮೇಲ್ತುದಿ ನೋಡಿ. ಸೋರುವ ಜಾಗ ಇರುವುದು ಅಲ್ಲೇ. ಏನೂ ಕಾಣದಿದ್ದರೆ ರಾತ್ರಿಯಿಡೀ ಬಿಡಿ.

ಇನ್ನೊಂದು ಉಪಾಯವೂ ಕೆಲಸ ಮಾಡುತ್ತದೆ. ಅರ್ಧ ಟ್ಯಾಂಕ್ ಇಟ್ಟು ನೋಡಿ. ಪೂರ್ತಿ ತುಂಬಿದಾಗ ಸೋರಿ, ಅರ್ಧಕ್ಕೆ ಇಳಿದಾಗ ನಿಂತರೆ ತೊಂದರೆ ಟ್ಯಾಂಕಿನ ಮೇಲ್ಭಾಗದಲ್ಲಿದೆ ಅಂತ ಅರ್ಥ. ಮುಚ್ಚಳವೋ, ಗಾಳಿ ಕಿಂಡಿಯೋ, ಮೇಲಿನ ಬಿರುಕೋ ಆಗಿರಬಹುದು. ಕಾಲು ಟ್ಯಾಂಕ್ ಇದ್ದರೂ ಸೋರಿದರೆ ತಳ, ಪೈಪ್ ಅಥವಾ ಪಂಪ್ ಕಡೆಗೆ ಗಮನ ಕೊಡಿ.

ನಿಂತಾಗ ಒಂದು ಹನಿಯೂ ಬೀಳದೆ, ಕೆಲಸ ಮಾಡುವಾಗ ಮಾತ್ರ ಯಂತ್ರದ ಮೈಯೆಲ್ಲ ಎಣ್ಣೆಯಾಗುತ್ತಿದ್ದರೆ ಟ್ಯಾಂಕ್ ಚೆನ್ನಾಗಿದೆ. ಸೀದಾ ಹಂತ 5ಕ್ಕೆ ಹೋಗಿ.

ಹಂತ 4: ಮುಚ್ಚಳ

ಮುಚ್ಚಳ ತೆಗೆದು ಅದರ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ನೋಡಿ. ಚಪ್ಪಟೆಯಾಗಿದೆಯಾ, ಸೀಳಿದೆಯಾ, ಉಬ್ಬಿದೆಯಾ? ಒಂದು ಹೊಟ್ಟಿನ ಕಣ ಅದರ ಕೆಳಗೆ ಸಿಕ್ಕಿಕೊಂಡರೂ ಸೋರುತ್ತದೆ. ಟ್ಯಾಂಕಿನ ಬಾಯಿಯ ಅಂಚನ್ನೂ ಒರೆಸಿ. ಹೊಸ ಓ-ರಿಂಗ್ ಹಾಕುವಾಗ ಅಳತೆ ಸರಿ ಇರಲಿ, ಮೇಲೆ ಒಂದು ಹನಿ ಬಾರ್ ಆಯಿಲ್ ಸವರಿ ಕೂರಿಸಿ.

ಸ್ಪ್ಯಾನರ್ ಬೇಡದ, ಕೈಯಲ್ಲೇ ಮಡಚಿ ತಿರುಗಿಸುವ ಮುಚ್ಚಳಗಳಿಗೆ ಹೆಚ್ಚು ಎಚ್ಚರ ಬೇಕು. ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ಮುಚ್ಚಳದ ಮೇಲಿನ ಗುರುತು ಮತ್ತು ಟ್ಯಾಂಕಿನ ಗುರುತು ಎದುರುಬದುರು ಬರಬೇಕು. ಮುಚ್ಚಿದ ಮೇಲೆ ಮೆಲ್ಲಗೆ ಎತ್ತಿ ನೋಡಿ, ಅಲುಗಬಾರದು. ಸಾಮಾನ್ಯ ಥ್ರೆಡ್ ಮುಚ್ಚಳವನ್ನು ಸ್ಕ್ರೂಡ್ರೈವರ್ ಹಾಕಿ ಜೋರಾಗಿ ಬಿಗಿಯುವ ಅಭ್ಯಾಸ ಬಿಡಿ. ಓ-ರಿಂಗ್ ಜಜ್ಜಿ ಹೋಗುತ್ತದೆ, ಥ್ರೆಡ್ ಕಿತ್ತು ಬರುತ್ತದೆ.

ಹಂತ 5: ಬಾರ್ ಮತ್ತು ಗ್ರೂವ್

ಪಂಪ್ ಎಣ್ಣೆ ತಳ್ಳುತ್ತಲೇ ಇರುತ್ತದೆ. ಮುಂದೆ ಬಾರ್‌ನ ತೂತು ಕಟ್ಟಿಕೊಂಡಿದ್ದರೆ ಆ ಎಣ್ಣೆ ಎಲ್ಲಿಗೆ ಹೋಗಬೇಕು? ಬಾರ್ ಮತ್ತು ಯಂತ್ರದ ಮೈ ನಡುವಿನ ಸಂದಿಯಿಂದ ಕೆಳಗಿಳಿಯುತ್ತದೆ. ಮೇಲೆ ಸೋರಿಕೆ, ಒಳಗೆ ಚೈನ್ ಒಣ. ನೋಡಿದವರಿಗೆ ಪಂಪ್ ಹೋಗಿದೆ ಅಂತಲೇ ಅನ್ನಿಸುತ್ತದೆ, ಆದರೆ ಪಂಪ್ ತನ್ನ ಕೆಲಸ ಚೆನ್ನಾಗೇ ಮಾಡುತ್ತಿರುತ್ತದೆ.

ತೆಳ್ಳನೆ ತಗಡಿನ ಚೂರು ತೆಗೆದುಕೊಂಡು ಗ್ರೂವ್ ಉದ್ದಕ್ಕೂ ಎಳೆಯಿರಿ. ಕಪ್ಪು ಪೇಸ್ಟ್ ಥರ ಹೊಟ್ಟು ಹೊರಬರುತ್ತದೆ. ಎಣ್ಣೆ ತೂತಿಗೆ ಸಣ್ಣ ತಂತಿ ತೂರಿಸಿ, ಅದು ಗ್ರೂವ್ ಒಳಗೆ ಕಾಣಿಸಿಕೊಳ್ಳಬೇಕು. ಬಾರ್‌ನ ಎರಡೂ ಅಂಚಿಗೆ ಒಂದೊಂದು ತೂತು ಇರುತ್ತದೆ, ಎರಡನ್ನೂ ಬಿಡಿಸಿ. ಮೈ ಕಡೆಯ ಕಿಂಡಿಯನ್ನೂ ಒರೆಸಿ, ಆದರೆ ಅಲ್ಲಿ ಕೊಳೆಯನ್ನು ಒಳಗೆ ತಳ್ಳಬೇಡಿ.

ಇನ್ನು ಬಾರ್ ಸರಿಯಾದದ್ದಾ ಅನ್ನುವ ಪ್ರಶ್ನೆ. ಬೇರೆ ಯಂತ್ರದ ಬಾರ್ ಬೋಲ್ಟಿಗೆ ಕೂತರೂ ಎಣ್ಣೆ ತೂತು ಕಿಂಡಿಯ ಎದುರಿಗೆ ಬರದೇ ಇರಬಹುದು. ಬಾರ್‌ನ ಹಿಂಬದಿಗೆ ಸ್ವಲ್ಪ ಎಣ್ಣೆ ಸವರಿ, ಕೂರಿಸಿ ತೆಗೆದು ನೋಡಿ. ಅಚ್ಚು ಬಿದ್ದ ಕಡೆ ಕಿಂಡಿ ಮತ್ತು ತೂತು ಒಂದರ ಮೇಲೊಂದು ಬಂದಿರಬೇಕು. ಬಾರ್ ಮತ್ತು ಮೈ ನಡುವೆ ತೆಳ್ಳನೆ ಲೋಹದ ತಗಡು ಇರುವ ಮಾದರಿಗಳೂ ಇವೆ. ಅದು ಬಗ್ಗಿದರೆ ಅಥವಾ ರಿಪೇರಿ ಮಾಡುವಾಗ ಬಿಟ್ಟುಹೋದರೆ ಎಣ್ಣೆ ಪಕ್ಕದಿಂದ ಓಡುತ್ತದೆ. ಬಾರ್ ನಟ್ ಸಡಿಲವಿದ್ದರೂ ಅದೇ ಗತಿ.

ಹಂತ 6: ಬಿಸಿ, ಒತ್ತಡ ಮತ್ತು ಗಾಳಿ ಕಿಂಡಿ

ನನ್ನ ಪ್ರಕಾರ ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವ ಭಾಗ ಇದು.

ಎಂಜಿನ್ ಪಕ್ಕದಲ್ಲೇ ಎಣ್ಣೆ ಟ್ಯಾಂಕ್ ಇರುತ್ತದೆ. ಕೆಲಸ ಮಾಡಿದಂತೆ ಅದೂ ಬಿಸಿಯಾಗುತ್ತದೆ. ಒಳಗಿನ ಗಾಳಿ ಹಿಗ್ಗುತ್ತದೆ, ಎಣ್ಣೆ ತೆಳ್ಳಗಾಗುತ್ತದೆ. ಹಿಗ್ಗಿದ ಗಾಳಿಗೆ ಬೇರೆ ದಾರಿ ಇಲ್ಲದಿದ್ದರೆ ಎಣ್ಣೆಯನ್ನು ಪಂಪ್ ಮೂಲಕವೇ ಹೊರಗೆ ತಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಗಾಳಿ ಕಿಂಡಿಯ ವಾಲ್ವ್ ಒಳಮುಖಕ್ಕೆ ಮಾತ್ರ ತೆರೆಯುತ್ತದೆ. ಅಂಥದ್ದರಲ್ಲಿ ಎಲ್ಲ ಭಾಗ ಚೆನ್ನಾಗಿದ್ದರೂ ಸ್ವಲ್ಪ ಎಣ್ಣೆ ಹೀಗೆ ಹೊರಬರುತ್ತದೆ. ಬಿಸಿಲಿನಲ್ಲಿ ನಿಂತ ವಾಹನದೊಳಗೆ ತುಂಬಿದ ಟ್ಯಾಂಕ್ ಇಟ್ಟರೂ ಇದೇ ಆಗುತ್ತದೆ.

ಪರೀಕ್ಷೆ ಸುಲಭ. ಕೆಲಸ ಮುಗಿಸಿ ಯಂತ್ರ ನಿಲ್ಲಿಸಿದ ಮೇಲೆ ಎಣ್ಣೆ ಮುಚ್ಚಳವನ್ನು ಮೆಲ್ಲಗೆ ಸಡಿಲ ಮಾಡಿ. ಪುಸ್ ಅಂತ ಗಾಳಿ ಹೊರಬಂದರೆ ಒತ್ತಡ ಇತ್ತು. ಮತ್ತೆ ಮುಚ್ಚಿ ಇಡಿ. ಮರುದಿನ ಕಲೆ ತೀರಾ ಕಡಿಮೆಯಾಗಿದ್ದರೆ ಕಾರಣ ಸಿಕ್ಕಿತು. ಇನ್ನು ಮೇಲೆ ಪ್ರತಿ ಸಲ ಹೀಗೆ ಗಾಳಿ ಬಿಟ್ಟರೆ ಸಾಕು. ಬಿಸಿ ಯಂತ್ರದ ಪೆಟ್ರೋಲ್ ಮುಚ್ಚಳ ಮಾತ್ರ ಮುಟ್ಟಬೇಡಿ, ಇಂಧನ ಚಿಮ್ಮಬಹುದು. ಎಣ್ಣೆ ಮುಚ್ಚಳ ಯಾವುದು ಅಂತ ಗುರುತು ನೋಡಿಯೇ ಕೈ ಹಾಕಿ.

ಮುಚ್ಚಳ ತೆಗೆದಾಗ ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದರೆ, ಓಡುವಾಗಲೂ ಎಣ್ಣೆ ಕಡಿಮೆ ಅನ್ನಿಸಿದ್ದರೆ, ಗಾಳಿ ಕಿಂಡಿ ಕಟ್ಟಿದೆ. ಅದು ಇರುವ ಜಾಗ ಮಾದರಿಯಿಂದ ಮಾದರಿಗೆ ಬೇರೆ. ಹಲವಲ್ಲಿ ಬಾರ್ ಕೂರುವ ಜಾಗದ ಹತ್ತಿರ, ಕ್ಲಚ್ ಕಡೆ, ಒಂದು ಸಣ್ಣ ರಬ್ಬರ್ ಅಥವಾ ಲೋಹದ ಗುಂಡಿಯ ಹಾಗೆ ಕಾಣುತ್ತದೆ. ಹೊರಗಿನ ಕೊಳೆಯನ್ನು ಬ್ರಷ್‌ನಿಂದ ತೆಗೆಯಿರಿ. ಸೂಜಿ ಚುಚ್ಚಬೇಡಿ, ವಾಲ್ವ್ ಹರಿದರೆ ಅದೇ ಹೊಸ ಸೋರಿಕೆ. ಹರಿದದ್ದು, ಗಟ್ಟಿಯಾದದ್ದು ರಿಪೇರಿ ಆಗುವುದಿಲ್ಲ. ಅದೇ ಮಾದರಿಯ ಹೊಸದನ್ನು ಹಾಕಿ. ಸೀಲಂಟ್ ಮೆತ್ತಿ ಮುಚ್ಚಿದರೆ ಸೋರಿಕೆ ನಿಲ್ಲಬಹುದು, ಆದರೆ ಗಾಳಿ ಇಲ್ಲದೆ ಪಂಪ್ ಎಳೆಯುವುದಿಲ್ಲ, ಬಾರ್ ಸುಡುತ್ತದೆ.

ಹಂತ 7: ಪೈಪ್, ಪಂಪ್, ಕ್ಲಚ್

ಇಷ್ಟೆಲ್ಲ ನೋಡಿದ ಮೇಲೂ ಪೌಡರ್ ಗೆರೆ ಕ್ಲಚ್ ಹಿಂದಿನಿಂದಲೇ ಶುರುವಾಗುತ್ತಿದ್ದರೆ ಮಾತ್ರ ಬಿಚ್ಚಿ. ನಿಮ್ಮ ಮಾದರಿಯ ಕೈಪಿಡಿಯ ಚಿತ್ರ ಎದುರಿಗಿರಲಿ. ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ ತೆಗೆಯಿರಿ. ಮೊದಲು ಟ್ಯಾಂಕ್ ಖಾಲಿ ಮಾಡಿ.

ಕ್ಲಚ್ ಮತ್ತು ಅದರ ಸುತ್ತ ಕೂರುವ ಬಟ್ಟಲಿನಂಥ ಡ್ರಮ್, ಇವುಗಳಲ್ಲಿ ಯಾವುದು ಹೊರಗೆ ಅನ್ನುವುದು ಯಂತ್ರಕ್ಕೆ ತಕ್ಕ ಹಾಗೆ ಬೇರೆ. ಸ್ಪ್ರಾಕೆಟ್ ಡ್ರಮ್ ಹೊರಗಿದ್ದರೆ ಒಂದು ಚಿಕ್ಕ ಲಾಕ್ ಕ್ಲಿಪ್ ತೆಗೆದರೆ ವಾಷರ್, ಡ್ರಮ್, ಸೂಜಿ ಬೇರಿಂಗ್ ಕೈಗೆ ಬರುತ್ತವೆ. ಕ್ಲಿಪ್ ಹಾರಿ ಹೋಗುತ್ತದೆ, ಬೆರಳು ಅಡ್ಡ ಇಡಿ. ಕ್ಲಚ್ಚನ್ನೇ ಬಿಚ್ಚಬೇಕಾದರೆ ನೆನಪಿಡಿ: ಹೆಚ್ಚಿನ ಚೈನ್‌ಸಾಗಳಲ್ಲಿ ಅದು ಉಲ್ಟಾ ಥ್ರೆಡ್. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಹಲವು ಕ್ಲಚ್‌ಗಳ ಮೇಲೆ ಬಾಣದ ಗುರುತೂ ಇರುತ್ತದೆ.

ಎಂಜಿನ್ ತಿರುಗದಂತೆ ಹಿಡಿಯಲು ಪ್ಲಗ್ ತೂತಿನಿಂದ ಮೆತ್ತನೆಯ ಹಗ್ಗ ಇಳಿಸುವುದು ಹಳೇ ಪದ್ಧತಿ, ಒಳ್ಳೆಯದೇ. ಪಿಸ್ಟನ್ ಮೇಲೇರುತ್ತಾ ಸೈಲೆನ್ಸರ್ ಕಡೆಯ ಬಾಗಿಲನ್ನು (ಹೊಗೆ ಹೊರಹೋಗುವ ಕಿಂಡಿಯನ್ನು) ದಾಟಿದ ಮೇಲೆಯೇ ಹಗ್ಗ ಇಳಿಸಿ. ಇಲ್ಲದಿದ್ದರೆ ಹಗ್ಗ ಆ ಬಾಗಿಲಲ್ಲಿ ಸಿಕ್ಕಿಕೊಂಡು ಪಿಸ್ಟನ್ನಿಗೆ ಪೆಟ್ಟು. ಹಗ್ಗದ ಒಂದು ತುದಿ ಹೊರಗೇ ಇರಲಿ. ಸುತ್ತಿಗೆ ಏಟು ಬೇಡ.

ಈಗ ವರ್ಮ್ ಗೇರ್ ಮತ್ತು ಪಂಪ್ ಕಾಣುತ್ತವೆ. ನೋಡಬೇಕಾದ್ದು ಹೆಚ್ಚೇನಿಲ್ಲ. ಟ್ಯಾಂಕಿನ ಗೋಡೆಯಿಂದ ಹೊರಬರುವ ಪೈಪ್ ಮೊದಲು ನೋಡಿ. ಅದು ಒತ್ತಿ ಕೂರಿಸಿದ ರಬ್ಬರ್. ವರ್ಷಗಳಾದ ಮೇಲೆ ಗಟ್ಟಿಯಾಗಿ ಕುಗ್ಗುತ್ತದೆ, ಆಗ ಸುತ್ತಲೂ ಒಸರುತ್ತದೆ. ಮಡಚಿದರೆ ಸಣ್ಣ ಬಿರುಕು ಕಂಡರೆ ಬದಲಿಸಿ. ಹೊಸದಕ್ಕೆ ಎಣ್ಣೆ ಸವರಿ ಎಳೆದರೆ ಸರಾಗ ಕೂರುತ್ತದೆ. ಜೊತೆಗೆ ಫಿಲ್ಟರನ್ನೂ ತೊಳೆಯಿರಿ.

ನಂತರ ಪಂಪಿನ ಓ-ರಿಂಗ್ ಅಥವಾ ಗ್ಯಾಸ್ಕೆಟ್ (ಎರಡು ಭಾಗದ ನಡುವೆ ಸೋರದಂತೆ ಇಡುವ ತೆಳು ಹಾಳೆ). ಎಣ್ಣೆ ಹೆಚ್ಚು ಕಡಿಮೆ ಮಾಡುವ ಸ್ಕ್ರೂ ಇದ್ದರೆ ಅದಕ್ಕೂ ಒಂದು ಸಣ್ಣ ಓ-ರಿಂಗ್ ಇರುತ್ತದೆ. ಯಂತ್ರದ ಅಡಿಯಿಂದ, ಆ ಸ್ಕ್ರೂ ಇರುವ ತೂತಿನಿಂದಲೇ ಹನಿ ಬೀಳುತ್ತಿದ್ದರೆ ಅನುಮಾನ ಅದರ ಮೇಲೆ. ಆ ಸ್ಕ್ರೂ ಕಡಿಮೆ ಮಾಡಿ ಸೋರಿಕೆ ನಿಲ್ಲಿಸುವ ಯತ್ನ ಬೇಡ. ಅದು ಓಡುವಾಗಿನ ಎಣ್ಣೆಯನ್ನು ಕಡಿಮೆ ಮಾಡುತ್ತದೆ ಅಷ್ಟೇ.

ಒಂದು ಮಾತು. ಯಂತ್ರ ಸುಮ್ನೆ ಸ್ಲೋನಲ್ಲಿ ಓಡುವಾಗ, ಚೈನ್ ತಿರುಗದೆ ಇದ್ದಾಗಲೂ, ಕೆಲವು ಮಾದರಿಗಳಲ್ಲಿ ಎಣ್ಣೆ ಬರುತ್ತದೆ. ಅವುಗಳಲ್ಲಿ ಪಂಪ್ ನೇರವಾಗಿ ಎಂಜಿನ್ನಿನ ತಿರುಗುವ ದಂಡಕ್ಕೆ, ಅಂದರೆ ಕ್ರ್ಯಾಂಕ್‌ಶಾಫ್ಟಿಗೆ ಸೇರಿರುತ್ತದೆ. ಕ್ಲಚ್ ಡ್ರಮ್ಮಿಗೆ ಸೇರಿದ ಪಂಪ್ ಮಾತ್ರ ಚೈನ್ ತಿರುಗಿದಾಗಷ್ಟೇ ಎಣ್ಣೆ ಕೊಡುತ್ತದೆ. ನಿಮ್ಮದು ಮೊದಲನೇ ಥರದ್ದಾದರೆ ಅದು ದೋಷವಲ್ಲ.

ಹಂತ 8: ಟ್ಯಾಂಕೇ ಬಿರುಕು ಬಿಟ್ಟಿದ್ದರೆ

ಬಿದ್ದ ಯಂತ್ರದಲ್ಲಿ, ಬಾರ್ ನಟ್ ಅತಿಯಾಗಿ ಬಿಗಿದ ಯಂತ್ರದಲ್ಲಿ ಇದು ಕಾಣುತ್ತದೆ. ಬೋಲ್ಟ್ ಬುಡದಿಂದ ಕೂದಲೆಳೆಯಷ್ಟು ಗೆರೆ ಹೊರಡುತ್ತದೆ. ಲೋಹದ ಮೈ ಎರಡು ಭಾಗ ಸೇರುವ ಕಡೆ ಒಸರುತ್ತಿದ್ದರೆ ಆ ಗ್ಯಾಸ್ಕೆಟ್ ಹೋಗಿದೆ. ಅದನ್ನು ಬದಲಿಸಲು ಎಂಜಿನ್ ಪೂರ್ತಿ ಬಿಚ್ಚಬೇಕು. ಆ ಕೆಲಸ ಅನುಭವಿ ಮೆಕ್ಯಾನಿಕ್‌ಗೆ ಬಿಡಿ.

ಲೋಹದ ಸಣ್ಣ ಬಿರುಕಿಗೆ ಎಪಾಕ್ಸಿ ಹಿಡಿಯುತ್ತದೆ, ಜಿಡ್ಡು ಪೂರ್ತಿ ಹೋಗಿ ಮರಳು ಕಾಗದದಿಂದ ಒರಟು ಮಾಡಿದ್ದರೆ ಮಾತ್ರ. ಪ್ಲಾಸ್ಟಿಕ್ ಟ್ಯಾಂಕಿಗೆ ಅಂಟು ಹೆಚ್ಚು ದಿನ ನಿಲ್ಲುವ ಭರವಸೆ ಕಡಿಮೆ, ಯಂತ್ರದ ನಡುಕಕ್ಕೆ ಬಿಟ್ಟುಕೊಳ್ಳುತ್ತದೆ. ಬಿಡಿಭಾಗ ಸಿಗುವುದಾದರೆ ಟ್ಯಾಂಕ್ ಬದಲಿಸುವುದೇ ಸರಿ. ಬಿರುಕು ಪೆಟ್ರೋಲ್ ಟ್ಯಾಂಕಿನ ಕಡೆ ಹೋಗಿದ್ದರೆ ಅಂಟಿನ ಯೋಚನೆಯನ್ನೇ ಬಿಡಿ.

ಎಣ್ಣೆಯ ಬಗ್ಗೆ

ಬಾರ್ ಆಯಿಲ್‌ನಲ್ಲಿ ಅಂಟು ಗುಣ ಸೇರಿಸಿರುತ್ತಾರೆ, ಚೈನ್‌ನಿಂದ ಬೇಗ ಹಾರಿಹೋಗದಿರಲಿ ಅಂತ. ತೆಳ್ಳನೆ ಎಣ್ಣೆ ಹಾಕಿದರೆ ಚಿಕ್ಕ ಸಂದಿಯಿಂದಲೂ ಸೋರುತ್ತದೆ. ಸೆಖೆಗಾಲಕ್ಕೆ ದಪ್ಪ, ಚಳಿಗೆ ತೆಳು ಅನ್ನುವುದು ಸಾಮಾನ್ಯ ಲೆಕ್ಕ. ಅಡುಗೆ ಎಣ್ಣೆ ತುಂಬಿ ತಿಂಗಳುಗಟ್ಟಲೆ ಇಟ್ಟರೆ ಅಂಟಾಗಿ ಪಂಪ್ ಕಟ್ಟುತ್ತದೆ. ಬಳಸಿದ ಎಂಜಿನ್ ಆಯಿಲ್ ಖಂಡಿತ ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪ್ ಸವೆಯುತ್ತದೆ. ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು, ಮತ್ತು ಚೈನ್ ಅದನ್ನು ಎಸೆಯುವುದು ನಿಮ್ಮ ಮೈ ಮೇಲೆ, ಮಣ್ಣಿನ ಮೇಲೆ.

ಜೋಡಿಸಿದ ಮೇಲೆ

ಬಾರ್, ಚೈನ್, ಕವರ್ ಎಲ್ಲ ಹಾಕಿ ಚೈನ್ ಬಿಗಿ ಸರಿ ಮಾಡಿ. ಎಣ್ಣೆ ತುಂಬಿಸಿ. ಬಯಲಲ್ಲಿ ಸ್ಟಾರ್ಟ್ ಮಾಡಿ, ಬಾರ್ ತುದಿಯನ್ನು ಬಿಳಿ ರಟ್ಟಿನ ಕಡೆ ಒಂದು ಗೇಣು ದೂರ ಹಿಡಿದು ರೇಸ್ ಕೊಡಿ. ಚೈನ್ ರಟ್ಟಿಗೂ ನೆಲಕ್ಕೂ ತಾಗಬಾರದು. ಕೆಲವು ಸೆಕೆಂಡಿನಲ್ಲಿ ರಟ್ಟಿನ ಮೇಲೆ ಎಣ್ಣೆಯ ಗೆರೆ ಬಿದ್ದರೆ ಚೈನ್‌ಗೆ ಎಣ್ಣೆ ಸಿಗುತ್ತಿದೆ. ಸೋರಿಕೆ ನಿಂತು ಈ ಗೆರೆಯೂ ಇಲ್ಲ ಅಂದರೆ ಕೆಲಸಕ್ಕೆ ಹೋಗಬೇಡಿ, ಎಲ್ಲೋ ದಾರಿ ಮುಚ್ಚಿದೆ. ಆಮೇಲೆ ಒರೆಸಿ, ಮತ್ತೆ ಪೌಡರ್ ಹಾಕಿ ಒಂದು ರಾತ್ರಿ ರಟ್ಟಿನ ಮೇಲೆ ಬಿಡಿ.

ಇಡುವಾಗ ಸಮನಾಗಿ ಕೂರಿಸಿ, ಮುಚ್ಚಳದಿಂದ ಒಮ್ಮೆ ಗಾಳಿ ಬಿಡಿ. ಕೆಲವು ವಾರ ಬಳಸುವುದಿಲ್ಲ ಅಂದರೆ ಟ್ಯಾಂಕ್ ಖಾಲಿ ಮಾಡಿ, ಬಾರ್ ಮತ್ತು ಚೈನ್ ತೆಗೆದು ತೊಳೆದು, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಇಡಿ. ನೆಲಕ್ಕೆ ಬಿದ್ದ ಎಣ್ಣೆಯ ಮೇಲೆ ಒಣ ಹೊಟ್ಟು ಸುರಿಯಿರಿ, ಹೀರಿಕೊಂಡ ಮೇಲೆ ಗುಡಿಸಿ. ನೀರು ಹಾಕಿ ಚರಂಡಿಗೆ ತೊಳೆಯಬೇಡಿ.